ಕರ್ತೃ ಇಲ್ಲದ ವಾಕ್ಯ

"ಸರ, ಕಿಡಕಿ ಗಾಜು ಒಡೀತ್ರಿ."

ಜೇವರ್ಗಿ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಮಾಸ್ತರಿಕೆ ಮಾಡಿದ ನಾನು ಈ ವಾಕ್ಯವನ್ನು ಎಷ್ಟು ಸಲ ಕೇಳಿರಬಹುದೋ ಲೆಕ್ಕ ಇಟ್ಟಿಲ್ಲ. ನಮ್ಮ ಹುಡುಗರ ಲೋಕದಲ್ಲಿ ಗಾಜು ತಾನಾಗಿ ಒಡೆಯುತ್ತದೆ, ಪುಸ್ತಕ ತಾನಾಗಿ ಹರಿಯುತ್ತದೆ, ಪಕ್ಕದವನ ಹಲ್ಲು ತಾನಾಗಿ ಮುರಿಯುತ್ತದೆ. "ವಾಕ್ಯದಾಗ ಕರ್ತೃ ಎಲ್ಲಿ ಹೋದ್ನೋ?" ಎಂದು ನಾನು ಕೇಳುವುದು, ಅವನು ಕಾಲಬೆರಳಿನಿಂದ ನೆಲ ಕೆರೆಯುವುದು, ಹಿಂದಿನ ಬೆಂಚಿನವರು ಕಿಸಿಕಿಸಿ ನಗುವುದು. ಕೊನೆಗೊಮ್ಮೆ "ನಾನೇ ಒಡ್ದೀನ್ರಿ ಸರ" ಎಂದು ಬಂದರೆ ಆವತ್ತಿನ ವ್ಯಾಕರಣ ಪಾಠ ಮುಗಿದಂತೆ. ಗಾಜಿನ ದುಡ್ಡನ್ನು ಬಹಳ ಸಲ ನಾನೇ ಕೊಟ್ಟಿದ್ದೇನೆ, ಆ ಮಾತು ಬೇರೆ.

ನಿವೃತ್ತಿಯಾದ ಮೇಲೆ ಆ ಪಾಠವನ್ನು ಮರೆತೇಬಿಟ್ಟಿದ್ದೆ. ಅದು ಮತ್ತೆ ನೆನಪಿಗೆ ಬಂದದ್ದು ಹಿರೋಷಿಮಾದಲ್ಲಿ, ಒಂದು ಕಲ್ಲಿನ ಮುಂದೆ.

ಮಗಳು ಅಳಿಯ ಒಸಾಕಾದಲ್ಲಿದ್ದಾರೆ. ಮೊಮ್ಮಗನ ಜವಳ ಮುಗಿಸಿ ಅವರು ತಿರುಗಿ ಹೊರಟಾಗ ನಮ್ಮಿಬ್ಬರನ್ನೂ ಎಳೆದುಕೊಂಡು ಹೋದರು. ನಮ್ಮ ಮನೆಯವಳು ಆಳಂದದವಳು. ಮೂರು ಡಬ್ಬಿ ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಳ್ಳದೆ ಆಕೆ ಕಲಬುರಗಿಗೂ ಹೋದವಳಲ್ಲ, ಜಪಾನಿಗೆ ಬರುತ್ತಾಳೆಯೇ? ನವೆಂಬರಿನ ಒಂದು ಬೆಳಿಗ್ಗೆ ಒಸಾಕಾದಿಂದ ಬುಲೆಟ್ ರೈಲಿನಲ್ಲಿ ಒಂದೂವರೆ ತಾಸು ಕೂತೆವು. ವಾಡಿಯಿಂದ ಸೊಲ್ಲಾಪುರಕ್ಕೆ ಹೋಗುವಷ್ಟರಲ್ಲಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದಾಟಿ ಹಿರೋಷಿಮಾದಲ್ಲಿ ಇಳಿದಿದ್ದೆವು.

ಅಲ್ಲಿ ದಾರಿ ತೋರಿಸಲು ಒಬ್ಬ ಅಜ್ಜಿಯನ್ನು ಮಗಳು ಗೊತ್ತುಮಾಡಿದ್ದಳು. ಎಪ್ಪತ್ತೈದರ ಆಸುಪಾಸು, ನಮ್ಮೂರಲ್ಲಾದರೆ ಕಟ್ಟೆಯ ಮೇಲೆ ಕೂತು ಸೊಸೆಯ ಬಗ್ಗೆ ದೂರು ಹೇಳುವ ವಯಸ್ಸು. ಆಕೆ ನೀಲಿ ಟೋಪಿ ಹಾಕಿಕೊಂಡು, ಹೆಗಲಿಗೊಂದು ಚೀಲ, ಕೈಯಲ್ಲೊಂದು ಹಳೆಯ ಫೋಟೋಗಳ ಕಡತ ಹಿಡಿದು ಟ್ರಾಮ್ ನಿಲ್ದಾಣದಲ್ಲೇ ಕಾದಿದ್ದಳು. ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ, ವಾರಕ್ಕೆರಡು ದಿನ ಬಂದವರಿಗೆ ಊರು ತೋರಿಸುವುದು ಆಕೆಯ ನೇಮ. ನಾನು ಮಾಸ್ತರ ಎಂದು ಮಗಳು ಹೇಳಿದ ಗಳಿಗೆಯಿಂದ ನನ್ನನ್ನು 'ಸೆನ್ಸೇ' ಎಂದೇ ಕರೆದಳು. ಅದರರ್ಥ ಮಾಸ್ತರ ಎಂದೇ. ನಿವೃತ್ತನಾದ ಮೇಲೆ ಆ ಪದವಿ ಇಷ್ಟು ದೂರ ಬಂದು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಹೆಂಡತಿ ಅದನ್ನು ಗಮನಿಸಿದಳು.

ಟ್ರಾಮಿನಲ್ಲಿ ಕೂತಾಗಲೇ ಪಾಠ ಶುರು. ಬಾಂಬು ಬಿದ್ದದ್ದು 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ. ಮೂರನೆಯ ದಿನವೇ ಈ ಟ್ರಾಮು ಒಂದಿಷ್ಟು ದೂರ ಮತ್ತೆ ಓಡಿತಂತೆ. ಊರೇ ಬೂದಿಯಾದಾಗ ಯಾರು ಎಲ್ಲಿಗೆ ಹೋಗುವುದಿತ್ತು ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಹೆಂಡತಿಯೇ ಮೆಲ್ಲಗೆ ಅಂದಳು: "ತಮ್ಮವರನ್ನ ಹುಡುಕ್ಲಿಕ್ಕ ಹೋಗಿರ್ತಾರ."

ಎಲ್ಲರೂ ಚಿತ್ರದಲ್ಲಿ ನೋಡಿರುವ ಆ ಗುಮ್ಮಟ ನಿಜಕ್ಕೂ ಸಣ್ಣದು. ನಮಗೋ ಗುಮ್ಮಟವೆಂದರೆ ವಿಜಾಪುರದ್ದು. ಇದು ಯಾನ್ ಲೆಟ್ಜೆಲ್ ಎಂಬ ಚೆಕ್ ವಾಸ್ತುಶಿಲ್ಪಿ ರೂಪಿಸಿದ, 1915ರಲ್ಲಿ ಮುಗಿದ ವ್ಯಾಪಾರ ಪ್ರದರ್ಶನದ ಕಟ್ಟಡ. ಬಾಂಬು ಹತ್ತಿರದಲ್ಲೇ ಸುಮಾರು 600 ಮೀಟರು ಮೇಲೆ ಸಿಡಿದದ್ದರಿಂದ ಹೊಡೆತ ನೆತ್ತಿಯ ಮೇಲಿಂದ ನೇರ ಬಿತ್ತು; ಗೋಡೆಗಳು ಅಲ್ಲಲ್ಲಿ ನಿಂತವು, ಗುಮ್ಮಟದ ಕಬ್ಬಿಣದ ಎಲುಬು ಉಳಿಯಿತು. ಕೆಡವಿಬಿಡೋಣ, ನೋಡಿದರೆ ಸಂಕಟವಾಗುತ್ತದೆ ಎಂದವರೂ ಊರಲ್ಲಿದ್ದರಂತೆ. ಅಜ್ಜಿಯ ತಾಯಿ ಅವರಲ್ಲೊಬ್ಬಳು. "ಅಮ್ಮ ಈ ದಾರಿಯಲ್ಲಿ ಬರುತ್ತಲೇ ಇರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದಳು. ಒಮ್ಮೆ ಮಾತ್ರ ಬಂದಿದ್ದಳು, ನನ್ನ ಕೈ ಹಿಡಿದುಕೊಂಡು. ನಿಮ್ಮ ನೆಹರೂ ಬಂದಾಗ." 1957ರ ಅಕ್ಟೋಬರಿನಲ್ಲಿ ನೆಹರೂ ಅಲ್ಲಿಗೆ ಹೋಗಿದ್ದು ನಿಜ. ಏಳು ವರ್ಷದ ಹುಡುಗಿಗೆ ಜನರ ಕಾಲುಗಳಷ್ಟೇ ಕಂಡವಂತೆ. ಅಜ್ಜಿ ನಗುತ್ತ ಹೇಳಿದಳು: "ಬಿಳಿ ಟೋಪಿ ಕಂಡಿತು ಎಂದು ಸುಳ್ಳು ಹೇಳಿದ್ದೆ."

ನಡುವೆ ಒಂದು ಮಾತು. ಈ ಊರು ನದಿಗಳ ಬಾಯಲ್ಲಿದೆ. ಓಟಾ ನದಿ ಆರು ಕವಲಾಗಿ ಸಮುದ್ರ ಸೇರುವ ನೆಲ ಅದು. ಸುಟ್ಟ ಜನ ಅಂದು ಕೇಳಿದ್ದೆಲ್ಲ ನೀರು. ನೀರು ನೀರು ಎನ್ನುತ್ತಲೇ ನದಿಗಿಳಿದು ಸತ್ತರು. ಹಾಗಾಗಿ ಇಂದಿಗೂ ಆಗಸ್ಟ್ 6ರಂದು ಸ್ಮಾರಕಕ್ಕೆ ಹೂವಿನ ಜೊತೆ ನೀರನ್ನೂ ಅರ್ಪಿಸುತ್ತಾರೆ. ಅಜ್ಜಿಯ ಚೀಲದಲ್ಲಿ ಎರಡು ಬಾಟಲಿಗಳಿದ್ದವು; ಒಂದು ತನಗೆ, ಒಂದು ಅವರಿಗೆ. ಪ್ರತಿ ಸ್ಮಾರಕದ ಬುಡದಲ್ಲಿ ಸ್ವಲ್ಪ ಸುರಿದು ಮುಂದೆ ನಡೆಯುತ್ತಿದ್ದಳು. ಬಿಸಿಲಲ್ಲಿ ಬಂದವರಿಗೆ ಮಾತಾಡಿಸುವ ಮೊದಲು ನೀರು, ಬೆಲ್ಲ ಕೊಡುವ ಸೀಮೆಯವರು ನಾವು. ಹೆಂಡತಿಗೆ ಇದನ್ನು ಯಾರೂ ಅರ್ಥ ಮಾಡಿಸಬೇಕಾಗಲಿಲ್ಲ. ಎರಡನೆಯ ಸ್ಮಾರಕ ಬರುವಷ್ಟರಲ್ಲಿ ಬಾಟಲಿ ಆಕೆಯ ಕೈಗೆ ಬಂದಿತ್ತು.

ಮ್ಯೂಸಿಯಮ್ಮಿನ ಬಗ್ಗೆ ಹೆಚ್ಚು ಬರೆಯಲಾರೆ. ಮೂರು ವರ್ಷದ ಮಗುವಿನ ತುಕ್ಕು ಹಿಡಿದ ಮೂರುಗಾಲಿ ಸೈಕಲ್ಲು ಅಲ್ಲಿದೆ. ಮಗುವಿನ ಜೊತೆ ಅದನ್ನೂ ಅಂಗಳದಲ್ಲಿ ಹೂತಿದ್ದ ತಂದೆ ನಲವತ್ತು ವರ್ಷದ ಮೇಲೆ ಅಗೆದು ತೆಗೆದು ಕೊಟ್ಟದ್ದು. ನಾನು ಅಲ್ಲೇ ಸೋತುಹೋದೆ. ಹೆಂಡತಿ ಮುಂದೆ ಹೋದವಳು ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತೇಬಿಟ್ಟಳು. ಹೋಗಿ ನೋಡಿದರೆ ಬುತ್ತಿ ಡಬ್ಬಿ. ಶಿಗೆರು ಒರಿಮೆನ್ ಎಂಬ ಶಾಲೆಯ ಹುಡುಗನದು. ಮಗನ ಹೆಣ ಹುಡುಕುತ್ತ ಹೋದ ತಾಯಿಗೆ ಅವನ ಮೈಯಡಿ ಸಿಕ್ಕಿತಂತೆ. ಒಳಗಿನ ಅನ್ನ, ಕಾಳು ಎಲ್ಲ ಇದ್ದಿಲಾಗಿ ಹಾಗೇ ಕೂತಿದೆ. ನಮ್ಮಾಕೆ ಮಕ್ಕಳಿಗೆ, ನನಗೆ, ನಂತರ ಮತ್ತೆ ನನಗೊಬ್ಬನಿಗೇ ಎಷ್ಟು ಸಾವಿರ ಬುತ್ತಿ ಕಟ್ಟಿದ್ದಾಳೋ! ಬಹಳ ಹೊತ್ತಿನ ಮೇಲೆ ಒಂದೇ ಮಾತು ಅಂದಳು: "ಹುಡುಗ ಉಂಡೇ ಇಲ್ಲ." ಮಧ್ಯಾಹ್ನ ರೊಟ್ಟಿ ಡಬ್ಬಿ ತೆರೆಯಲು ನಮ್ಮಲ್ಲಿ ಯಾರೂ ಮುಂದಾಗಲಿಲ್ಲ.

ಆಮೇಲೆ ಅಜ್ಜಿ ನಮ್ಮನ್ನು ಆ ಕಲ್ಲಿನ ಹತ್ತಿರ ಕರೆದೊಯ್ದಳು. ಕೆಂಜೊ ಟಾಂಗೆ ವಿನ್ಯಾಸ ಮಾಡಿದ, 1952ರಲ್ಲಿ ಎತ್ತಿದ ಕಮಾನು. ಕುದುರೆಯ ಜೀನಿನ ಆಕಾರ, ಎತ್ತಿನಗಾಡಿಯ ಕೊಲ್ಲಾರಿಯ ಹಾಗೂ ಕಾಣುತ್ತದೆ. ಅದರ ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಸತ್ತವರ ಹೆಸರುಗಳ ಪಟ್ಟಿ. 1945ರ ಕೊನೆಯೊಳಗೆ ಸತ್ತವರೇ ಸುಮಾರು 1 ಲಕ್ಷ 40 ಸಾವಿರ. ಆಮೇಲೆ ವರ್ಷ ವರ್ಷ ತೀರಿಕೊಂಡ ಬಾಧಿತರ ಹೆಸರೂ ಸೇರುತ್ತ ಪಟ್ಟಿ ಮೂರು ಲಕ್ಷ ದಾಟಿದೆ. ಅಜ್ಜಿಯ ತಾಯಿಯ ಹೆಸರೂ ಅದರಲ್ಲಿದೆ. ಪೆಟ್ಟಿಗೆಯ ಮೇಲೆ ಒಂದೇ ಒಂದು ವಾಕ್ಯ ಕೊರೆದಿದ್ದಾರೆ. ಸತ್ತವರಿಗೆ ನೆಮ್ಮದಿಯಿಂದ ಮಲಗಿ ಎಂದು ಹೇಳಿ, ತಪ್ಪನ್ನು ಮತ್ತೆ ಮಾಡುವುದಿಲ್ಲ ಎಂದು ಮಾತು ಕೊಡುವ ವಾಕ್ಯ.

"ಯಾರು?" ಅಂದೆ. ಮಾಸ್ತರಿಕೆಯ ಚಾಳಿ.

ಅಜ್ಜಿಯ ಕಣ್ಣು ಮಿನುಗಿತು. ಬಂದವರಲ್ಲಿ ಈ ಪ್ರಶ್ನೆ ಕೇಳುವವರಿಗಾಗಿಯೇ ಆಕೆ ಕಾದಿರುತ್ತಾಳೇನೋ. "ಸೆನ್ಸೇ, ಜಪಾನಿಯಲ್ಲಿ ಈ ವಾಕ್ಯಕ್ಕೆ ಕರ್ತೃ ಇಲ್ಲ."

ಯಾರು ಮಾಡುವುದಿಲ್ಲ? ಬಾಂಬು ಹಾಕಿದವರೋ? ಯುದ್ಧ ಹೂಡಿದವರೋ? ಇಲ್ಲಿ ನಿಂತಿರುವ ನಾವೋ? ವಾಕ್ಯ ಬರೆದವರು ಹಿರೋಷಿಮಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ತದಾಯೋಶಿ ಸೈಕಾ, ತಾವೂ ಬಾಂಬಿನ ಬಾಯಿಂದ ಉಳಿದವರು. ಕಲ್ಲು ನಿಲ್ಲಿಸಿದ ವರ್ಷವೇ ಇದರ ಮೇಲೆ ದೊಡ್ಡ ಜಗಳವಾಯಿತು. ಅದನ್ನು ಎಬ್ಬಿಸಿದವರು ನಮ್ಮ ದೇಶದವರು: ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಕೊಟ್ಟಿದ್ದ ಬಂಗಾಳದ ನ್ಯಾಯಾಧೀಶ ರಾಧಾಬಿನೋದ್ ಪಾಲ್. ಬಾಂಬು ಹಾಕಿದವರು ಜಪಾನಿನವರಲ್ಲ, ಅವರೇಕೆ ತಪ್ಪೊಪ್ಪಿಕೊಳ್ಳಬೇಕು ಎಂಬುದು ಅವರ ತಕರಾರು. ಸೈಕಾ ಉತ್ತರ ಕೊಟ್ಟರು: ಇಲ್ಲಿ ಮಾತು ಕೊಡುತ್ತಿರುವುದು ಇಡೀ ಮನುಷ್ಯಕುಲ. ಅದನ್ನು ವಿವರಿಸುವ ಫಲಕವೂ ಈಗ ಪಕ್ಕದಲ್ಲಿದೆ. ಇಂಗ್ಲಿಷಿನಲ್ಲಿ ಕರ್ತೃ ಇಲ್ಲದೆ ವಾಕ್ಯ ನಡೆಯುವುದಿಲ್ಲವಾದ್ದರಿಂದ ಅಲ್ಲಿ 'ನಾವು' ಎಂದು ಹಾಕಿದ್ದಾರೆ.

ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡಿದೆ. ಆಶ್ಚರ್ಯ! ಕನ್ನಡವೂ ಜಪಾನಿಯ ಹಾಗೇ ನುಣುಚಿಕೊಳ್ಳುತ್ತದೆ. ಮಾಡುತ್ತೇನೆ, ಮಾಡುತ್ತೇವೆ, ಮಾಡುತ್ತಾರೆ ಎನ್ನುವಾಗ ಕ್ರಿಯಾಪದವೇ ಕರ್ತೃವಿನ ಜುಟ್ಟು ಹಿಡಿದು ನಿಲ್ಲಿಸುತ್ತದೆ. ನಿಷೇಧಕ್ಕೆ ಬಂದ ಕೂಡಲೆ 'ಮಾಡುವುದಿಲ್ಲ'. ನಾನೂ ಮಾಡುವುದಿಲ್ಲ, ನೀನೂ ಮಾಡುವುದಿಲ್ಲ, ಅವರೂ ಮಾಡುವುದಿಲ್ಲ. ಹಿಂದೆ ಹೀಗಿರಲಿಲ್ಲ. ಹಳಗನ್ನಡದಲ್ಲಿ ಮಾಡೆನ್ ಬೇರೆ, ಮಾಡೆವು ಬೇರೆ, ಮಾಡರ್ ಬೇರೆ. ಇಲ್ಲ ಎನ್ನುವವನು ಯಾರೆಂದು ಪದದ ಬಾಲದಲ್ಲೇ ಗೊತ್ತಾಗುತ್ತಿತ್ತು. ಯಾವ ಕಾಲಕ್ಕೋ ನಾವು ಆ ಬಾಲ ಕತ್ತರಿಸಿಕೊಂಡೆವು. ಇದನ್ನು ಅಜ್ಜಿಗೆ ಹೇಳಿಸೋಣವೆಂದರೆ ಮಗಳು, "ಅಪ್ಪಾ, ಮಾಡೆನ್ ಮಾಡರ್ ಎಲ್ಲಾ ನನಗ ಅನುವಾದ ಮಾಡ್ಲಿಕ್ಕ ಬರಂಗಿಲ್ಲ" ಎಂದು ಕೈ ಮುಗಿದಳು.

ಆದರೆ ಕರ್ತೃ ಇಲ್ಲದ ವಾಕ್ಯ ಬರೀ ಕಳ್ಳ ಹುಡುಗರದಲ್ಲ. ಅಫಜಲಪುರ ತಾಲ್ಲೂಕಿನ ನನ್ನ ತಂಗಿಯ ಊರಲ್ಲಿ ಬಹಳ ಹಿಂದೆ ಒಂದು ಬದುವಿನ ಜಗಳವಾಗಿತ್ತು. ಅಣ್ಣತಮ್ಮಂದಿರ ಮಕ್ಕಳು, ಒಬ್ಬನ ಕೈ ಮುರಿದಿತ್ತು, ಇನ್ನೊಬ್ಬನ ಬಣಿವೆ ಸುಟ್ಟಿತ್ತು. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತರು. ಮಾಸ್ತರ ಎಂದು ನನ್ನನ್ನೂ ಕೂಡಿಸಿಕೊಂಡರು. ಯಾರು ಮೊದಲು ಕೈ ಎತ್ತಿದರು ಎಂದು ನಾನು ಕೇಳಹೋದೆ. ಪಕ್ಕದಲ್ಲಿದ್ದ ಮುತ್ಯಾ ನನ್ನ ತೊಡೆ ಚಿವುಟಿ ಸುಮ್ಮನಾಗಿಸಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ: "ಆಗಬಾರದ್ದು ಆಗಿ ಹೋತು. ಇನ್ನ ಮುಂದ ಹಂಗ ಆಗಂಗಿಲ್ಲ." ಮುಗಿಯಿತು. ಎರಡೂ ಮನೆಯವರು ಇವತ್ತಿಗೂ ಒಂದೇ ಬಾವಿಯ ನೀರು ಹಾಯಿಸುತ್ತಾರೆ. ಅಂದು ನಾನು ನನ್ನ ವ್ಯಾಕರಣ ಪೂರ್ತಿ ಮಾಡಿದ್ದರೆ ಎರಡು ಬಾವಿ ಬೇಕಾಗುತ್ತಿದ್ದವು, ಬಹುಶಃ ಎರಡು ಹೆಣಗಳೂ.

ಹೊರಡುವಾಗ ಅಜ್ಜಿ ರೈಲು ನಿಲ್ದಾಣದ ಹಿಂದಿನ ಗುಡ್ಡ ತೋರಿಸಿದಳು. ನೆತ್ತಿಯ ಮೇಲೆ ಬೆಳ್ಳಿ ಬಣ್ಣದ ಸ್ತೂಪ. ಗಾಂಧೀಜಿಯನ್ನು ವರ್ಧಾದಲ್ಲಿ ಕಂಡುಬಂದಿದ್ದ ಭಿಕ್ಷು ನಿಚಿದಾತ್ಸು ಫುಜೀ ಅವರ ಪಂಥದವರು ಕಟ್ಟಿದ್ದು. 1972ರಲ್ಲಿ ಒಡಿಶಾದ ಧೌಲಿಯಲ್ಲಿ ಶಾಂತಿಸ್ತೂಪ ಕಟ್ಟಿದವರೂ ಅವರೇ. "ನಿಮ್ಮ ಅಶೋಕನ ಯುದ್ಧ ನಡೆದ ಜಾಗ" ಅಂದಳು. ನನಗೆ ಅಲ್ಲಿಯವರೆಗೆ ತಡೆದಿಟ್ಟಿದ್ದ ಜಂಭವೆಲ್ಲ ಹೊರಬಂತು. ಅಶೋಕ ನಮ್ಮ ಜಿಲ್ಲೆಯವನೇ ಎನ್ನುವಂತೆ ಹೇಳತೊಡಗಿದೆ. ಅವನ ಹೆಸರು ಕೆತ್ತಿದ, ಅವನದೇ ಆಕೃತಿಯ ಕಲ್ಲು ನಮ್ಮ ಭೀಮಾ ದಂಡೆಯಲ್ಲಿದೆ. ನಮ್ಮೂರಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ನೋಡಿ ಬರಬಹುದು. ಅಜ್ಜಿ ಕಡತ ತೆರೆದು ಊರಿನ ಹೆಸರು ಬರೆದುಕೊಂಡಳು. ಆಮೇಲೆ ಸಹಜವಾಗಿ ಕೇಳಿದಳು: "ಅಲ್ಲಿ ಬಂದವರಿಗೆ ನೀವು ಏನು ಹೇಳುತ್ತೀರಿ, ಸೆನ್ಸೇ?"

ನಾನು ಅಲ್ಲಿಗೆ ಮಕ್ಕಳನ್ನು ಒಮ್ಮೆ ಪ್ರವಾಸಕ್ಕೆ ಕರೆದೊಯ್ದಿದ್ದೆ. ಹೊಳೆಯಲ್ಲಿ ಯಾರೂ ಇಳಿಯಬೇಡಿ ಎಂದು ಹೇಳಿದ್ದು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಊರಿಗೆ ಬಂದ ಮೇಲೆ, ಜನವರಿಯಲ್ಲಿ, ಇಬ್ಬರೂ ಆ ಭೀಮಾ ದಂಡೆಯ ಸನ್ನತಿಗೆ ಹೋದೆವು. ಕಟ್ಟಿಸಂಗಾವಿ ಸೇತುವೆ ದಾಟಿ, ಶಹಾಬಾದ, ವಾಡಿ, ನಾಲವಾರ ಸುತ್ತಿ ಹೋಗುವ ದಾರಿ. ಉದ್ದಕ್ಕೂ ಕಲ್ಲಿನ ಗಣಿ, ಫರಸಿ ಲಾರಿ, ಸಿಮೆಂಟಿನ ಧೂಳು. ನಮ್ಮ ಮನೆಯ ನೆಲವಾಗಿ, ಸಿಮೆಂಟಾಗಿ ಹೋಗುವ ಈ ಸೀಮೆಯ ಸುಣ್ಣಕಲ್ಲಿನಲ್ಲೇ ಎರಡು ಸಾವಿರ ವರ್ಷದ ಹಿಂದೆ ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪ ಕಟ್ಟಿದ್ದರು. 'ಅಧೋಲೋಕ ಮಹಾಚೈತ್ಯ' ಎಂದು ಅದರ ಹೆಸರು ಅಲ್ಲಿಯ ಶಾಸನದಲ್ಲೇ ಇದೆ. 1994ರಿಂದ ಪುರಾತತ್ವ ಇಲಾಖೆ ಅಗೆದಾಗ ಅದೆಲ್ಲ ಮೇಲೆ ಬಂತು. ಈಚೆಗೆ ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸುವ ಕೆಲಸವೂ ನಡೆದಿದೆ.

ಅಲ್ಲೂ ನಮಗೆ ದಾರಿ ತೋರಿಸುವವನೊಬ್ಬ ಸಿಕ್ಕ. ಯಾರೂ ಗೊತ್ತುಮಾಡಿದ್ದಲ್ಲ, ಕುರಿ ಬಿಟ್ಟುಕೊಂಡು ನಿಂತಿದ್ದ ಮುತ್ಯಾ, ನಮ್ಮನ್ನು ನೋಡಿ ತಾನಾಗಿ ಬಂದ. ಅಗೆಯುವಾಗ ಮಣ್ಣು ಹೊತ್ತವನಂತೆ. "ಈ ಕಲ್ಲ ನಾನು ಮ್ಯಾಲ ತೆಗದೀನ್ರಿ" ಎಂದು ಒಂದನ್ನು ತೋರಿಸಿದ. ಅದೇ ಕಲ್ಲೋ ಅಲ್ಲವೋ, ಕರ್ತೃವಂತೂ ಗಟ್ಟಿಯಾಗಿತ್ತು. ಸ್ತೂಪದ ಕಲ್ಲುಗಳ ಮೇಲೂ ಹಾಗೇ. ಕೊಟ್ಟವರು ತಮ್ಮ ಹೆಸರು ಬರೆಸಿಕೊಂಡಿದ್ದಾರೆ: ಈ ಹಲಗೆ ಇಂಥವರ ದಾನ ಎಂದು. ದಾನಕ್ಕೆ ಕರ್ತೃ ಎಂದೂ ತಪ್ಪಿಸಿಕೊಳ್ಳುವುದಿಲ್ಲ. ರಾಜ, ರಾಣಿ, ಕೊಡೆ ಚಾಮರ ಹಿಡಿದ ಹೆಣ್ಣುಮಕ್ಕಳಿರುವ ಹಲಗೆಯ ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದಿದೆ. ಅಶೋಕ ಸತ್ತು ಎಷ್ಟೋ ತಲೆಮಾರಿನ ಮೇಲೆ, ಶಾತವಾಹನರ ಕಾಲದ ಶಿಲ್ಪಿ ಕಲ್ಪಿಸಿಕೊಂಡ ಮುಖ. ಮೈ ತುಂಬ ಆಭರಣ ತೊಟ್ಟಿದ್ದಾನೆ, ಯುದ್ಧದ ಗುರುತು ಒಂದೂ ಇಲ್ಲ. ಹೆಂಡತಿ ರಾಣಿಯ ಕಡೆಗೇ ಹೆಚ್ಚು ಹೊತ್ತು ನೋಡಿದಳು.

ಅಲ್ಲಿಂದ ಸನ್ನತಿಯ ಚಂದ್ರಲಾಂಬೆಯ ಗುಡಿ. ಮುತ್ಯಾ ಕುರಿಗಳನ್ನು ಮೊಮ್ಮಗನಿಗೆ ಒಪ್ಪಿಸಿ ನಮ್ಮ ಗಾಡಿಯಲ್ಲೇ ಬಂದ. ಕರ್ನಾಟಕದ, ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಈಕೆ ಮನೆದೇವರು. ದುಂಬಿಗಳನ್ನು ಬಿಟ್ಟು ದುಷ್ಟ ರಾಜನನ್ನು ಹೊಳೆಯವರೆಗೆ ಓಡಿಸಿದ ಕಥೆಯನ್ನು ಮುತ್ಯಾ ತಾನೇ ಕಂಡವನಂತೆ ಹೇಳಿದ. ಎಂಬತ್ತರ ದಶಕದಲ್ಲಿ ಈ ಆವರಣದ ಕಾಳಿಯ ಗುಡಿಯ ಮಾಡು ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಎರಡೂ ಮಗ್ಗುಲಿಗೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಎಷ್ಟು ಶತಮಾನ ದೇವಿಯ ಕಾಲಡಿ ಮಲಗಿತ್ತೋ. ಮೂರ್ತಿ ಕೂರಿಸಲು ಕಲ್ಲಿನ ನಡುವೆ ಚೌಕಾಕಾರದ ತೂತು ಕೊರೆದಿದ್ದಾರೆ, ಅಷ್ಟು ಅಕ್ಷರ ಹೋಗಿದೆ. ಉಳಿದದ್ದರಲ್ಲಿ ಒಂದು ಅವನ ಬಂಡೆಶಾಸನಗಳ ಸಾಲಿನ ಹನ್ನೆರಡನೆಯದು: ತನ್ನ ಮತವನ್ನು ಹೊಗಳಲು ಹೋಗಿ ಇನ್ನೊಬ್ಬರದನ್ನು ಹೀಗಳೆಯಬಾರದು, ನಾಲಗೆಗೆ ಹಿಡಿತ ಬೇಕು ಎನ್ನುವುದು. ಹೆಂಡತಿ ಅದನ್ನು ಕೇಳಿ ಸುಮ್ಮನಾದಳು. ಆಕೆಯ ತವರು ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ. ಅದರ ಆವರಣದಲ್ಲೇ ರಾಘವ ಚೈತನ್ಯರ ಲಿಂಗವೂ ಇದೆ. ಆಕೆ ಸಣ್ಣವಳಿದ್ದಾಗ ಎರಡಕ್ಕೂ ಒಂದೇ ಸುತ್ತು ಹಾಕಿ ಸಕ್ಕರೆ ತಿಂದು ಬರುತ್ತಿದ್ದಳಂತೆ. ಈಚಿನ ವರ್ಷಗಳಲ್ಲಿ ಶಿವರಾತ್ರಿ ಬಂತೆಂದರೆ ಅಲ್ಲಿ ಕೋರ್ಟಿನ ಆದೇಶ, ಪೊಲೀಸರ ಬಂದೋಬಸ್ತು.

ನನ್ನನ್ನು ಕಾಡಿದ್ದು ಹನ್ನೆರಡರ ನಂತರದ್ದು. ಹನ್ನೆರಡಾದ ಮೇಲೆ ಈ ಕಲ್ಲಿನಲ್ಲಿ ಬರುವುದು ಹದಿನಾಲ್ಕು. ಹದಿಮೂರು ಇಲ್ಲ. ಹದಿಮೂರನೆಯದೇ ಕಳಿಂಗದ ಶಾಸನ: ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದು, ಒಂದು ಲಕ್ಷ ಜನ ಸತ್ತದ್ದು, ಅದಕ್ಕಾಗಿ ತಾನು ಪಶ್ಚಾತ್ತಾಪ ಪಡುವುದು, ಎಲ್ಲವನ್ನೂ ರಾಜನೇ ಹೇಳಿಸಿದ ಬರಹ. ಲೋಕದ ರಾಜರಲ್ಲಿ "ನಾನೇ ಒಡ್ದೀನ್ರಿ ಸರ" ಎಂದವನು ಅವನೊಬ್ಬನೇ ಇರಬೇಕು. ಗಾಂಧಾರದ ಗಡಿಯಲ್ಲಿ ಅದನ್ನು ಕೆತ್ತಿಸಿದ. ಸಾವು ಕಂಡ ಕಳಿಂಗದಲ್ಲಿ ಮಾತ್ರ ಕೆತ್ತಿಸಲಿಲ್ಲ. ಧೌಲಿ, ಜೌಗಡದ ಬಂಡೆಗಳಲ್ಲಿ ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎನ್ನುವಂಥವು. ಕಳಿಂಗ ಬಿಟ್ಟರೆ ಆ ಎರಡು ಸಿಕ್ಕಿರುವುದು ನಮ್ಮ ಸನ್ನತಿಯಲ್ಲಿ. ಹಾಗಾದರೆ ಇಲ್ಲೇನು ನಡೆದಿತ್ತು? ನಮ್ಮ ಭೀಮೆಯಲ್ಲೂ ಆವತ್ತು ಯಾರಾದರೂ ನೀರು ನೀರು ಎಂದರೇ? ಮರೆಯಲಿ ಎಂದು ಬಿಟ್ಟನೋ, ನಾಚಿಕೆಯಿಂದ ಬಿಟ್ಟನೋ, ನನ್ನ ತೊಡೆ ಚಿವುಟಿದ ಮುತ್ಯಾನಂಥವರು ಯಾರಾದರೂ ಅವನ ಪಕ್ಕದಲ್ಲಿ ಕೂತಿದ್ದರೋ.

"ಅದರಾಗ ಏನ್ ಬರದಾರ್ರಿ ಸರ? ಬಂದವ್ರು ಫೋಟೋ ಹೊಡಕೊಂಡು ಹೋಗ್ತಾರ, ಯಾರೂ ಹೇಳಂಗಿಲ್ಲ." ಮುತ್ಯಾ ಕೇಳಿದ.

ಹಿರೋಷಿಮಾದ ಅಜ್ಜಿಗೆ ಕೊಡಲಾಗದ ಉತ್ತರವನ್ನು ಕೊಡತೊಡಗಿದೆ. "ಎಲ್ಲಾ ಮಂದಿ ನನ್ನ ಮಕ್ಕಳು ಅಂತ ರಾಜ ಹೇಳ್ಯಾನ, ಮುತ್ಯಾ."

"ಯುದ್ಧ ಮಾಡಕಿನ ಮೊದಲ ಹೇಳ್ಯಾನೋ, ಮಾಡಿದ ಮ್ಯಾಲೋ?"

"ಮಾಡಿದ ಮ್ಯಾಲ."

"ಹಂಗಂದ್ರ ಯಾರನ್ನ ಹೊಡದೆ ಅನ್ನೋದು ಭೀ ಬರಸಿರಬೇಕಲ್ರೀ?"

"ಇಲ್ಲ. ಈ ಕಲ್ಲಿನಾಗ ಅದಿಲ್ಲ."

ಮುತ್ಯಾ ಕಲ್ಲಿನ ನಡುವಿನ ಚೌಕ ತೂತನ್ನು ನೋಡಿದ. ಅದರಲ್ಲಿ ಇದ್ದಿರಬೇಕು ಎಂದುಕೊಂಡನೇನೋ. ನಾನು ತಿದ್ದಲಿಲ್ಲ. ಹೆಂಡತಿ ಚೀಲದಿಂದ ಬಾಟಲಿ ತೆಗೆದು ಸುತ್ತ ನೋಡಿದಳು, ಕಲ್ಲಿನ ಬುಡದಲ್ಲಿ ಸುರಿದರೆ ಯಾರಾದರೂ ಬೈದಾರು ಎಂಬ ಅಂಜಿಕೆ. ಕೊನೆಗೆ ಅದನ್ನು ಮುತ್ಯಾನ ಕೈಗೆ ಕೊಟ್ಟಳು. ಅವನು ಎತ್ತಿ ಗಟಗಟನೆ ಕುಡಿದು, ಉಳಿದದ್ದನ್ನು ಅಂಗೈಗೆ ಸುರಿದುಕೊಂಡು ಮುಖ ಒರೆಸಿಕೊಂಡ.

"ಚಾಕ್ಕ ಏನರೆ ಕೊಡ್ರಿ ಸರ" ಅಂದ. "ಇಷ್ಟೊತ್ತನ ತೋರ್ಸೀನಿ."